ಮುಕ್ಕಳಿಸಿದ ಔಷಧಿ ವಸಡಿನ ಒಳಗೆ ಇಳಿಯಲ್ಲ

ಪ್ರಶ್ನೆ: ವಸಡಿನಿಂದ ರಕ್ತ ಬರ್ತಿತ್ತು. ಡಾಕ್ಟರು ಹಲ್ಲು ಕ್ಲೀನ್ ಮಾಡಿ, ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಎರಡು ವಾರ ಬಳಸಿ ಅಂದರು. ಗುಣ ಕಂಡಿತು ಅಂತ ಮೂರು ತಿಂಗಳಾದರೂ ಬಿಟ್ಟಿಲ್ಲ. ಈಗ ಹಲ್ಲು ಕಂದಾಗಿದೆ, ಸಾರಿಗೆ ಉಪ್ಪು ಹಾಕಿದೆಯೋ ಇಲ್ಲವೋ ಗೊತ್ತಾಗಲ್ಲ. ಒಂದು ಕಡೆ ವಸಡಿನೊಳಗೆ ಔಷಧಿಯ ಚಿಪ್ ಇಡಬೇಕು ಅಂತಲೂ ಹೇಳುತ್ತಿದ್ದಾರೆ. ಇಷ್ಟು ದಿನ ಮುಕ್ಕಳಿಸಿದ್ದು ಸಾಲದಾ?
- ಓದುಗರು, ದಾವಣಗೆರೆ

ಉತ್ತರ: ಗಾಬರಿ ಬೇಡ. ಈ ಔಷಧಿಯಿಂದ ಬಂದ ಕಂದು ಬಣ್ಣ ಹುಳುಕಲ್ಲ, ಕ್ಲಿನಿಕ್‌ನಲ್ಲಿ ಪಾಲಿಶ್ ಮಾಡಿದರೆ ಹೋಗುತ್ತದೆ. ನಾಲಿಗೆಯ ರುಚಿಯೂ ಔಷಧಿ ಬಿಟ್ಟ ಮೇಲೆ ವಾಪಸ್ ಬರುತ್ತದೆ. ಆದರೆ ಎರಡು ವಾರದ್ದನ್ನು ಮೂರು ತಿಂಗಳು ಎಳೆಯಬಾರದಿತ್ತು, ಇವತ್ತಿಂದಲೇ ನಿಲ್ಲಿಸಿ.

ಕ್ಲೋರ್‌ಹೆಕ್ಸಿಡಿನ್ ಹಲ್ಲಿಗೆ, ವಸಡಿಗೆ, ಕೆನ್ನೆಯ ಒಳಭಾಗಕ್ಕೆ ಅಂಟಿಕೊಂಡು ಗಂಟೆಗಟ್ಟಲೆ ನಿಧಾನವಾಗಿ ಬಿಡುತ್ತಾ ಇರುತ್ತದೆ. ಹಾಗಾಗಿಯೇ ದಿನಕ್ಕೆ ಎರಡೇ ಸಲ ಮುಕ್ಕಳಿಸಿದರೂ ಕೆಲಸ ಮಾಡುತ್ತದೆ. ಕಾಫಿ, ಚಹಾದ ಬಣ್ಣ ಹಲ್ಲಿಗೆ ಹಿಡಿಯುವುದೂ ಈ ಅಂಟುವ ಗುಣದಿಂದಲೇ. 1970ರಲ್ಲಿ ಲೋ ಮತ್ತು ಶಿಯೋಟ್ ಎಂಬ ಸಂಶೋಧಕರು ಡೆನ್ಮಾರ್ಕ್‌ನಲ್ಲಿ ವಿದ್ಯಾರ್ಥಿಗಳಿಗೆ ಬ್ರಷ್ ಬಿಡಿಸಿ, ಇದರ 0.2% ದ್ರಾವಣದ 10 ಮಿ.ಲೀ.ಯಲ್ಲಿ ದಿನಕ್ಕೆರಡು ಸಲ ಮುಕ್ಕಳಿಸಲು ಹೇಳಿ ನೋಡಿದರು. ಪಾಚಿ ಕಟ್ಟಲಿಲ್ಲ! ಆದರೆ ಅವರದು ಮೊದಲೇ ಕ್ಲೀನ್ ಆಗಿದ್ದ ಹಲ್ಲು. ಆಗಲೇ ದಪ್ಪಗೆ ಕೂತಿರುವ ಪಾಚಿಯ ಒಳಗೆ ಈ ಔಷಧಿ ಅಷ್ಟಾಗಿ ಹೋಗಲ್ಲ, ಅದನ್ನು ಬ್ರಷ್ಷಿನಿಂದಲೇ ಉಜ್ಜಿ ತೆಗೀಬೇಕು, ಗಟ್ಟಿಯಾಗಿದ್ದರೆ ಡಾಕ್ಟರೇ ಕೆರೆದು ತೆಗೀಬೇಕು. ಇನ್ನೊಂದು ಮಾತು, ಪೇಸ್ಟಿನ ನೊರೆ ಈ ಔಷಧಿಯ ಶಕ್ತಿ ಕುಂದಿಸುತ್ತದೆ. ಮುಂದೆ ಯಾವಾಗಲಾದರೂ ಬಳಸಬೇಕಾಗಿ ಬಂದರೆ ಹಲ್ಲುಜ್ಜಿದ ಮೇಲೆ ಅರ್ಧ ಗಂಟೆ ಬಿಟ್ಟು ಮುಕ್ಕಳಿಸಿ.

ಈಗ ಚಿಪ್ ವಿಷಯ. ವಸಡು ಹಲ್ಲಿನಿಂದ ಬಿಟ್ಟುಕೊಂಡು ಸಂದು ಆಗಿದ್ದರೆ, ಅದರ ತಳದಲ್ಲಿ ಕೂತ ರೋಗಾಣುಗಳಿಗೆ ಮುಕ್ಕಳಿಸಿದ ನೀರು ಮುಟ್ಟುವುದೇ ಇಲ್ಲ. ಎಷ್ಟು ತಿಂಗಳು ಮುಕ್ಕಳಿಸಿದರೂ ಅಷ್ಟೇ. ಚಿಪ್ ಅಂದರೆ ಅದೇ ಕ್ಲೋರ್‌ಹೆಕ್ಸಿಡಿನ್, 2.5 ಮಿಲಿಗ್ರಾಂ, ಜೆಲಟಿನ್ ಹಾಳೆಯಲ್ಲಿ ಸೇರಿಸಿದ್ದು, ಉಗುರಿಗಿಂತ ಚಿಕ್ಕದು. ಡಾಕ್ಟರು ಚಿಮಟದಲ್ಲಿ ಹಿಡಿದು ಸಂದಿನೊಳಗೆ ತಳ್ಳುತ್ತಾರೆ. ಅದು ಅಲ್ಲೇ ಒದ್ದೆಯಾಗಿ ಅಂಟಿಕೊಂಡು ವಾರ, ಹತ್ತು ದಿನದಲ್ಲಿ ತಾನೇ ಕರಗುತ್ತದೆ, ತೆಗೆಸಬೇಕಾಗಿಲ್ಲ. ಅಷ್ಟು ದಿನ ಆ ಜಾಗದಲ್ಲಿ ಮಾತ್ರ ಹಲ್ಲುಗಳ ನಡುವೆ ಉಜ್ಜುವ ದಾರ (ಫ್ಲಾಸ್) ಹಾಕಬೇಡಿ.

ಒಪ್ಪುವ ಮುಂಚೆ ಒಂದು ಕೇಳಿ: 'ಸಂದು ಎಷ್ಟು ಮಿಲಿಮೀಟರ್ ಆಳ ಇದೆ?' ಗೆರೆ ಹಾಕಿದ ಸಣ್ಣ ಕಡ್ಡಿ ಇಳಿಸಿ ಅಳೆಯುತ್ತಾರೆ. ಮೂರರವರೆಗೆ ಇದ್ದರೆ ಸಾಮಾನ್ಯ, ಚಿಪ್ ಬೇಡ. ಐದು ಅಥವಾ ಅದಕ್ಕಿಂತ ಜಾಸ್ತಿ ಇದ್ದು, ಒಳಗಿನ ಕಿಟ್ಟ ತೆಗೆದ ಮೇಲೂ ರಕ್ತ ಬರುತ್ತಿದ್ದರೆ ಧೈರ್ಯವಾಗಿ ಹಾಕಿಸಿಕೊಳ್ಳಿ.