ಹೊಸ ಎಲೆಕ್ಟ್ರಿಕ್ ಮೌಂಟನ್ ಬೈಕ್‌ಗೆ ಮೊದಲು ಏನು ಹಾಕಿಸಬೇಕು?

40 ಸಾವಿರದ ಸೈಕಲ್ ತಗೊಂಡಾಯ್ತು, ಕೈಯಲ್ಲಿ ಇನ್ನೂ 20 ಸಾವಿರ ಇದೆ. ಎಣ್ಣೆಯ ಒತ್ತಡದಲ್ಲಿ ಹಿಡಿಯುವ ಹೈಡ್ರಾಲಿಕ್ ಬ್ರೇಕ್ ಮೊದಲಾ, ಕುಲುಕಾಟ ತಡೆಯುವ ಮುಂದಿನ ಫೋರ್ಕ್ ಮೊದಲಾ, ಎರಡನೇ ಬ್ಯಾಟರಿ ಮೊದಲಾ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೇ ನನ್ನ ಎಡ ಮಣಿಕಟ್ಟು ಚುಳ್ ಅಂದಿತು.

ನಾನಿರುವುದು ಚಿಕ್ಕಮಗಳೂರಿನಲ್ಲಿ. ನನ್ನದೂ ಹೆಚ್ಚುಕಡಿಮೆ ಅದೇ ಬೆಲೆಯ ಸೈಕಲ್. ಹಿಂದಿನ ಚಕ್ರದ ಹಬ್‌ನಲ್ಲಿ 250 ವ್ಯಾಟ್ ಮೋಟರ್, 36 ವೋಲ್ಟ್ ಬ್ಯಾಟರಿ, ಕೇಬಲ್ ಡಿಸ್ಕ್ ಬ್ರೇಕ್. ಮುಳ್ಳಯ್ಯನಗಿರಿ ಕಡೆಯಿಂದ ಕೈಮರಕ್ಕೆ ಇಳಿಯುವಷ್ಟರಲ್ಲಿ ಬೆರಳು ಸೋತುಹೋಗುತ್ತಿದ್ದವು. ಹೈಡ್ರಾಲಿಕ್ ಬೇಕೇ ಬೇಕು ಅನ್ನಿಸಿತು. ಬ್ರೇಕ್ ಪ್ಯಾಡ್ ಸವೆದಿದೆಯಾ ಅಂತ ಬಗ್ಗಿ ಕೂಡ ನೋಡಲಿಲ್ಲ.

ಆನ್‌ಲೈನ್‌ನಲ್ಲಿ 7,500 ಕೊಟ್ಟು ಒಂದು ಸೆಟ್ ತರಿಸಿದೆ. ಮಾಮೂಲಿ ಗೇರ್ ಸೈಕಲ್‌ಗೆ ಮಾಡಿದ ಸೆಟ್ ಅದು. ಅಂಗಡಿಯಲ್ಲಿ ಹಾಕುವಾಗ ಹಳೇ ಲಿವರ್‌ನಿಂದ ಸಣ್ಣ ಕರಿ ವೈರ್ ಹೊರಟಿದ್ದು ಕಾಣಿಸಿತು. "ಸಾರ್, ಇದನ್ನೇನು ಮಾಡೋದು?" ಅಂದರು. ಲೈಟಿಗೋ ಬೆಲ್ಲಿಗೋ ಇರಬೇಕು, ಬಿಡಿ ಅಂದೆ. ತುದಿಗೆ ಟೇಪ್ ಸುತ್ತಿ ಬಿಟ್ಟರು.

ಈ ವೈರ್ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರಾಗಬೇಡಿ. ಇಂಥ ಸೈಕಲ್‌ಗಳಲ್ಲಿ ಪೆಡಲ್ ಬುಡದಲ್ಲಿ ಅಯಸ್ಕಾಂತದ ಚೂರುಗಳಿರುವ ಒಂದು ಬಿಲ್ಲೆ ಇರುತ್ತದೆ. ಅದು ತಿರುಗಿದರೆ ಮೋಟರ್ ಶುರು. ನೀವು ಜೋರಾಗಿ ತುಳಿಯುತ್ತಿದ್ದೀರಾ, ಸುಮ್ನೆ ಕಾಲಾಡಿಸುತ್ತಿದ್ದೀರಾ, ಅದಕ್ಕೆ ಗೊತ್ತಾಗುವುದಿಲ್ಲ. ತುಳಿಯುವುದು ನಿಲ್ಲಿಸಿದ ಮೇಲೂ ಅರೆಕ್ಷಣ ಮೋಟರ್ ತಳ್ಳುತ್ತಲೇ ಇರುತ್ತದೆ. ಅದಕ್ಕೇ ಆ ಕರಿ ವೈರ್. ಲಿವರ್ ಸ್ವಲ್ಪ ಎಳೆದರೆ ಸಾಕು, ಮೋಟರ್ ನಡೆಸುವ ಕಂಟ್ರೋಲರ್‌ಗೆ ಸುದ್ದಿ ಹೋಗಿ ಮೋಟರ್‌ಗೆ ಕರೆಂಟ್ ನಿಲ್ಲುತ್ತದೆ. ಕಟ್-ಆಫ್ ಅನ್ನುವುದು ಇದಕ್ಕೇ. ನಾನು ಟೇಪ್ ಸುತ್ತಿಸಿದ್ದು ಅದಕ್ಕೆ.

ಎರಡು ವಾರ ಸ್ವರ್ಗ. ಒಂದೇ ಬೆರಳಲ್ಲಿ ಬ್ರೇಕ್! ಇಳಿಜಾರಿನಲ್ಲಿ ಯಾರೂ ತುಳಿಯುವುದಿಲ್ಲ, 25 ಕಿಲೋಮೀಟರ್ ವೇಗ ದಾಟಿದರೆ ಮೋಟರ್ ತಾನೇ ಸುಮ್ಮನಾಗುತ್ತದೆ. ಹಾಗಾಗಿ ತಪ್ಪು ಗೊತ್ತೇ ಆಗಲಿಲ್ಲ. ನಾನು ಬಿದ್ದದ್ದು ಬೆಟ್ಟದಲ್ಲಲ್ಲ, ಮನೆ ಹತ್ತಿರ. ಟಾರು ರಸ್ತೆ ಬಿಟ್ಟು ತೋಟದ ಗೇಟಿನ ಕಡೆ ತಿರುಗುವಲ್ಲಿ, ನಡೆಯುವಷ್ಟು ವೇಗದಲ್ಲಿ. ಕಾಲು ಪೆಡಲ್ ಮೇಲೆ ಆಡುತ್ತಿತ್ತು, ಅಸಿಸ್ಟ್, ಅಂದರೆ ಮೋಟರ್ ಕೊಡುವ ಸಹಾಯ, ಜಾಸ್ತಿ ಇಟ್ಟಿದ್ದೆ. ಬ್ರೇಕ್ ಹಿಡಿದೆ, ಹಿಂದಿನಿಂದ ಮೋಟರ್ ತಳ್ಳಿತು. ಗಾಬರಿಯಲ್ಲಿ ಇನ್ನೂ ಗಟ್ಟಿಯಾಗಿ ಹಿಡಿದೆ. ಹ್ಯಾಂಡಲ್ ತಿರುಗಿತ್ತು, ಕೆಳಗೆ ಜಲ್ಲಿ, ಮುಂದಿನ ಚಕ್ರ ಲಾಕ್ ಆಗಿ ಜಾರಿತು. ಮಣಿಕಟ್ಟು ಮುರಿಯಿತು, ಆರು ವಾರ ಪ್ಲಾಸ್ಟರ್. "ಸೈಕಲ್‌ಗೆ ಮೋಟರ್ ಯಾಕೋ, ಕಾಲಿಲ್ವಾ ನಿಂಗೆ?" ಅಂತ ಅಮ್ಮ ಆರು ವಾರವೂ ಕೇಳಿದಳು.

ಆಮೇಲೆ ಗೆಳೆಯನೊಬ್ಬ ಬಂದು ಹಿಂದಿನ ಚಕ್ರ ಎತ್ತಿ ಹಿಡಿದು, ಕೈಯಲ್ಲಿ ಪೆಡಲ್ ತಿರುಗಿಸುತ್ತಾ, ಮುಂದಿನ ಬ್ರೇಕ್ ಮಾತ್ರ ಒತ್ತು ಅಂದ. ಹಿಂದಿನ ಮೋಟರ್ ಗುಂಯ್ ಅನ್ನುತ್ತಲೇ ಇತ್ತು. ಕಟ್-ಆಫ್ ಇದ್ದಿದ್ದರೆ ತಕ್ಷಣ ನಿಲ್ಲಬೇಕಿತ್ತು. ಲಿವರ್‌ಗೆ ಅಂಟಿಸುವ ಅಯಸ್ಕಾಂತ, ಸೆನ್ಸರ್ ಜೋಡಿ 600 ರೂಪಾಯಿಗೆ ಸಿಕ್ಕಿತು. ಬಾಕಿ ಇದ್ದದ್ದು ಅಷ್ಟೇ. ನೀವು ಈ ಪರೀಕ್ಷೆಯನ್ನು ಇವತ್ತೇ ಮಾಡಿ. ಹೊಸ ಸೈಕಲ್ ಆದರೂ ಸರಿ.

ಇನ್ನು ನಿಮ್ಮ ಪ್ರಶ್ನೆ. ಮೂರರಲ್ಲಿ ಯಾವುದೂ ಬೇಡ. ಮೂರು ತಿಂಗಳು ಓಡಿಸದೆ ಯಾವುದು ಸಾಲದು ಅಂತ ನಿಮಗೇ ಗೊತ್ತಾಗುವುದಿಲ್ಲ. ಕೈಯಲ್ಲಿ ಹಣ ಇದೆ ಅನ್ನುವುದು ಕಾರಣವೇ ಅಲ್ಲ. ಎರಡನೇ ಬ್ಯಾಟರಿ ಅಂತೂ ಬಿಡಿ, ಅರ್ಧ ದಿನದ ಸವಾರಿ ಮಾಡದವರಿಗೆ ಅದು ಬೆನ್ನಿನ ಮೇಲೆ ಹೊರುವ ಕಲ್ಲು. ಸ್ಪೀಡ್ ಲಾಕ್ ತೆಗೆಸಬಹುದಾ ಅಂತ ಕೊನೆಗೆ ಸೇರಿಸಿದ್ದೀರಲ್ಲ, 25 ದಾಟಿಸಿದರೆ ಕಾನೂನಿನ ಕಣ್ಣಲ್ಲಿ ಅದು ಸೈಕಲ್ ಅಲ್ಲ, ರಿಜಿಸ್ಟ್ರೇಷನ್ನು ಲೈಸೆನ್ಸು ಬೇಕಾದ ಗಾಡಿ.

ಒಳ್ಳೇ ಹೆಲ್ಮೆಟ್, ಗ್ಲೌಸ್, ಹೊಸ ಪ್ಯಾಡ್, ಮೀಟರ್ ಇರುವ ಪಂಪ್ ತಗೊಳ್ಳಿ. ಅಂಗಡಿಯವರು ಕಲ್ಲಿನ ಹಾಗೆ ಗಾಳಿ ತುಂಬಿ ಕೊಡುತ್ತಾರೆ. ಮಣ್ಣು ರಸ್ತೆಗೆ 30 ಪಿಎಸ್ಐ ಸುತ್ತಮುತ್ತ ಇಳಿಸಿ ನೋಡಿ, ಫೋರ್ಕ್ ಬೇಕು ಅನ್ನುವ ಆಸೆ ಅರ್ಧ ಇಳಿಯುತ್ತದೆ. ಜೊತೆಗೆ ಹಿಂದಿನ ಚಕ್ರದ ನಟ್ಟಿಗೆ ಸರಿಹೋಗುವ ಸ್ಪ್ಯಾನರ್, ನನ್ನದಕ್ಕೆ 18 ಎಂಎಂ. ಮೋಟರ್ ಚಕ್ರ ಮಾಮೂಲಿ ಚಕ್ರದ ಹಾಗೆ ಕೈಯಲ್ಲಿ ಬಿಚ್ಚಲು ಬರುವುದಿಲ್ಲ. ಪಂಕ್ಚರ್ ಆದರೆ ಸ್ಪ್ಯಾನರ್ ಇಲ್ಲದವರು ಅಷ್ಟು ಭಾರದ ಸೈಕಲ್ ತಳ್ಳಿಕೊಂಡೇ ಬರಬೇಕು. ಅದನ್ನೂ ಒಮ್ಮೆ ಮಾಡಿದ್ದೇನೆ, ಕೈಮರದಿಂದ ಮನೆವರೆಗೆ, ಮಳೆಯಲ್ಲಿ.