ಸತ್ತ ಪ್ರಾಕ್ಸಿನೂ ಓಕೆ ಅಂತಿದ್ಯಾ?

ಪ್ರಶ್ನೆ: ಸರ್, ಪ್ರಾಕ್ಸಿ (ನಮ್ಮ ಬದಲು ಸೈಟಿಗೆ ಹೋಗಿ ಬರೋ ಮಧ್ಯದ ಸರ್ವರ್) ಲಿಸ್ಟ್ ಟೆಸ್ಟ್ ಮಾಡೋಕೆ ಪೈಥಾನಲ್ಲಿ ರಿಕ್ವೆಸ್ಟ್ಸ್ ಲೈಬ್ರರಿ ಹಾಕಿ ಸಣ್ಣ ಸ್ಕ್ರಿಪ್ಟ್ ಬರೆದೆ, ಸತ್ತಿರೋ ಪ್ರಾಕ್ಸಿಗೂ ಓಕೆ ಅಂತ್ಲೇ ಬರುತ್ತೆ, ಯಾಕೆ?

ಉತ್ತರ: ಪ್ರಾಕ್ಸಿ ವಿಳಾಸ ಬರೆಯೋ ಡಿಕ್ಷನರಿಲಿ ಎಚ್‌ಟಿಟಿಪಿ ಕೀ ಒಂದೇ ಕೊಟ್ಟಿರ್ಬೇಕು ನೋಡಿ. ಟೆಸ್ಟ್ ಮಾಡೋ ವಿಳಾಸ ಎಚ್‌ಟಿಟಿಪಿಎಸ್ ಆಗಿದ್ರೆ ರಿಕ್ವೆಸ್ಟ್ ಪ್ರಾಕ್ಸಿ ಕಡೆ ತಲೆನೇ ಹಾಕಲ್ಲ, ನಿಮ್ಮ ಕನೆಕ್ಷನ್ನಿಂದ್ಲೇ ನೇರವಾಗಿ ಹೋಗಿ 200 (ಎಲ್ಲ ಸರಿ ಅನ್ನೋ ಕೋಡ್) ತರುತ್ತೆ, ನೀವು ಪ್ರಾಕ್ಸಿ ಚೆನ್ನಾಗಿದೆ ಅನ್ಕೋತೀರ. ಎರಡೂ ಕೀ ಕೊಡಿ. ಬರೀ 200 ನಂಬ್ಬೇಡಿ, ಬಂದವರ ಐಪಿ ತಿರುಗಿ ತೋರಿಸೋ ಸೈಟಿಗೆ ಕಳ್ಸಿ, ನಿಮ್ಮದೇ ಐಪಿ ಬಂದ್ರೆ ಫೇಲ್. ಟೈಮ್‌ಔಟ್ 5 ಸೆಕೆಂಡ್ ಇಡ್ಲೇಬೇಕು, ಈ ಲೈಬ್ರರಿಲಿ ತಾನಾಗೇ ಟೈಮ್‌ಔಟ್ ಇರಲ್ಲ, ಉತ್ತರನೇ ಕೊಡದ ಒಂದು ಪ್ರಾಕ್ಸಿ ಸಿಕ್ರೂ ಸ್ಕ್ರಿಪ್ಟ್ ಅಲ್ಲೇ ಕೂತ್ಬಿಡುತ್ತೆ. ಎರರ್ ಬಂದ್ರೂ ಸ್ಕ್ರಿಪ್ಟ್ ನಿಲ್ಲದ ಹಾಗೆ ಟ್ರೈ-ಎಕ್ಸೆಪ್ಟ್ ಹಾಕಿ ಮುಂದಿನದಕ್ಕೆ ಹೋಗಿ. ಲಿಸ್ಟ್ ದೊಡ್ಡದಾದ್ರೆ ಒಟ್ಟಿಗೇ ಹಲವು ಟೆಸ್ಟ್ ಆಗೋಕೆ ಥ್ರೆಡ್ ಬಳಸಿ. ಯಾರದ್ದೋ ಫ್ರೀ ಪ್ರಾಕ್ಸಿಲಿ ಪಾಸ್‌ವರ್ಡ್ ಮಾತ್ರ ಕಳಿಸ್ಲೇಬೇಡಿ.