ಟೆಕ್ಸಾಸ್‌ನಲ್ಲಿ ಮಗುವನ್ನು ಮನೆಯಲ್ಲೇ ಓದಿಸಿದರೆ ಹೈಸ್ಕೂಲ್ ಡಿಪ್ಲೊಮಾ ಯಾರು ಕೊಡುತ್ತಾರೆ?

ನೀವೇ ಕೊಡುತ್ತೀರಿ. ಟೆಕ್ಸಾಸ್‌ನಲ್ಲಿ ಹೋಮ್‌ಸ್ಕೂಲ್ ಎಂದರೆ ಕಾನೂನಿನ ಕಣ್ಣಿಗೆ ಖಾಸಗಿ ಶಾಲೆ ಇದ್ದಂತೆ. 1994ರ ಲೀಪರ್ ಪ್ರಕರಣದಲ್ಲಿ ಟೆಕ್ಸಾಸ್ ರಾಜ್ಯದ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಹಾಗಾಗಿ ನೋಂದಣಿ ಬೇಡ, ರಾಜ್ಯದ ಪರೀಕ್ಷೆಯೂ ಇಲ್ಲ. ಆದರೆ ಓದು, ಸ್ಪೆಲಿಂಗ್, ವ್ಯಾಕರಣ, ಗಣಿತ, ಒಳ್ಳೆಯ ಪ್ರಜೆಯಾಗುವ ಪಾಠ, ಇವಿಷ್ಟನ್ನು ಪಠ್ಯ ಇಟ್ಟುಕೊಂಡು ನಿಜವಾಗಿ ಕಲಿಸಬೇಕು. ಸುಮ್ನೆ ಹೆಸರಿಗೆ ಅಲ್ಲ. ಮಗು ಈಗ ಸರ್ಕಾರಿ ಶಾಲೆಯಲ್ಲಿದ್ದರೆ, ಬಿಡಿಸುತ್ತಿದ್ದೇವೆ ಎಂದು ಪತ್ರ ಕೊಡಿ. ಇಲ್ಲದಿದ್ದರೆ ಗೈರುಹಾಜರಿ ಎಂದು ಬರೆದುಕೊಳ್ಳುತ್ತಾರೆ.

ಹೈಸ್ಕೂಲ್ ಮುಗಿಸಲು 22 ಕ್ರೆಡಿಟ್ (ಪಾಸಾದ ವಿಷಯಗಳಿಗೆ ಸಿಗುವ ಅಂಶಗಳು) ಬೇಕೆಂಬ ಸರ್ಕಾರಿ ಶಾಲೆಯ ನಿಯಮ ನಿಮಗಿಲ್ಲ. ಆದರೂ ಒಂಬತ್ತನೇ ತರಗತಿಯಿಂದಲೇ ವಿಷಯ, ಅಂಕ ಎಲ್ಲ ಬರೆದು ಟ್ರಾನ್ಸ್‌ಕ್ರಿಪ್ಟ್ (ಅಂಕಪಟ್ಟಿ) ಸಿದ್ಧಮಾಡಿ, ದಯವಿಟ್ಟು. ಕಾಲೇಜಿನವರು ಕೇಳುವುದು ಅದನ್ನೇ ಅಲ್ವಾ? ರಾಜ್ಯದ ಸರ್ಕಾರಿ ಕಾಲೇಜುಗಳು ಹೋಮ್‌ಸ್ಕೂಲ್ ಮಕ್ಕಳ ಅರ್ಜಿಯನ್ನು ಉಳಿದವರ ಅರ್ಜಿಗೆ ಸಮನಾಗಿಯೇ ನೋಡಬೇಕು ಎಂದು ಕಾನೂನೇ ಇದೆ.